ಗಾಡಿ ಮಾತು: ಮನೆಯಲ್ಲೇ ರಿಮ್‌ಗೆ ಬಣ್ಣ ಹಚ್ಚುವವರಿಗೆ

ಆಯುಧ ಪೂಜೆ ಮುಗಿದ ವಾರದಿಂದ ಒಂದೇ ಥರದ ಪತ್ರಗಳು ಬರುತ್ತಿವೆ. ಮಳೆಗಾಲ ಪೂರ್ತಿ ಕೆಸರಲ್ಲಿ ಓಡಿದ ಕಾರನ್ನು ಪೂಜೆಗೆಂದು ತಿಕ್ಕಿ ತೊಳೆದಿದ್ದಾರೆ, ಕುಂಕುಮ ಹಚ್ಚಲು ಗಾಲಿಯ ಮುಂದೆ ಕೂತಾಗ ರಿಮ್‌ನ ಅವಸ್ಥೆ ಕಣ್ಣಿಗೆ ಬಿದ್ದಿದೆ. ಮುಂಬೈ, ಪುಣೆ, ಗೋವಾ ಮೂರೂ ಕಡೆಯಿಂದ ಪ್ರಶ್ನೆಗಳಿವೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಗಾಲಿಗೇ. ಮಳೆ ಹೋಗಿದೆ, ಗಾಳಿ ಒಣಗಿದೆ, ಬಿಸಿಲು ಹದವಾಗಿದೆ. ಕೈ ಹಚ್ಚೋದಿದ್ದರೆ ಈಗಲೇ ಹಚ್ಚಿ.

ಪ್ರಶ್ನೆ: ಅಣ್ಣಾ, ನಮಸ್ಕಾರ. ನನ್ನದು 2012ರ ಸಣ್ಣ ಕಾರು, ಕಬ್ಬಿಣದ ರಿಮ್. ವೀಲ್ ಕ್ಯಾಪ್ ತೆಗೆದು ನೋಡಿದರೆ ಒಳಗೆಲ್ಲ ಕೆಂಪಗೆ ತುಕ್ಕು. ನಮ್ಮದು ಸೊಸೈಟಿ ಪಾರ್ಕಿಂಗ್, ನಾಲ್ಕೂ ಗಾಲಿ ಬಿಚ್ಚಿ ಕಾರನ್ನು ಎತ್ತಿ ನಿಲ್ಲಿಸೋಕೆ ಜಾಗ ಇಲ್ಲ. ಶನಿವಾರ, ಭಾನುವಾರ ಬಿಟ್ಟರೆ ಸಮಯವೂ ಇಲ್ಲ. ನಾನೇ ಬಣ್ಣ ಹಚ್ಚಬಹುದಾ? ಎಲ್ಲಿಂದ ಶುರು ಮಾಡಲಿ?
— ಡೊಂಬಿವಲಿಯ ಓದುಗರು

ಉತ್ತರ: ಖಂಡಿತ ಹಚ್ಚಬಹುದು. ಸ್ಟೆಪ್ನಿಯಿಂದ ಶುರು ಮಾಡಿ. ನಿಮ್ಮ ಸ್ಟೆಪ್ನಿ ಉಳಿದ ನಾಲ್ಕರ ಅಳತೆಯದ್ದೇ ಆಗಿದ್ದರೆ ಮೊದಲ ವಾರ ಅದಕ್ಕೆ ಬಣ್ಣ ಹಚ್ಚಿ, ಒಣಗಿದ ಮೇಲೆ ಅದನ್ನು ಒಂದು ಗಾಲಿಯ ಜಾಗಕ್ಕೆ ಹಾಕಿ, ಬಿಚ್ಚಿದ ಗಾಲಿಯನ್ನು ಮುಂದಿನ ವಾರ ಕೈಗೆ ತಗೊಳ್ಳಿ. ಹೀಗೆ ಐದು ವಾರ. ಕಾರು ಒಂದು ರಾತ್ರಿಯೂ ಜಾಕ್ ಮೇಲೆ ನಿಲ್ಲಬೇಕಾಗಿಲ್ಲ. ಮೊದಲ ರಿಮ್‌ನಲ್ಲಿ ಕೈ ಕೂರುವುದಿಲ್ಲ, ಅದು ಯಾರಿಗಾದರೂ ಆಗುವುದೇ, ಕೊನೆಗೆ ಅದು ಡಿಕ್ಕಿಯೊಳಗೆ ಹೋಗಲಿ. ಆದರೆ ಸ್ಟೆಪ್ನಿ ತೆಳ್ಳಗಿದ್ದು ಅದರ ಮೇಲೆ ಗಂಟೆಗೆ 80 ಕಿ.ಮೀ. ಎಂಬ ಚೀಟಿ ಇದ್ದರೆ ಅದು ತುರ್ತಿಗೆ ಮಾತ್ರ. ಅದರ ಮೇಲೆ ವಾರಗಟ್ಟಲೆ ಓಡಿಸಬೇಡಿ.

ಗಾಲಿ ಬಿಚ್ಚುವಾಗ ಹ್ಯಾಂಡ್ ಬ್ರೇಕ್ ಎಳೆದು, ಮೊದಲ ಗೇರಿನಲ್ಲಿಟ್ಟು, ಎದುರು ಮೂಲೆಯ ಗಾಲಿಗೆ ಎರಡೂ ಕಡೆ ಕಲ್ಲು ಕೊಡಿ. ಗಾಲಿ ನೆಲದ ಮೇಲಿರುವಾಗಲೇ ನಟ್ ಸ್ವಲ್ಪ ಸಡಿಲಿಸಿ, ಆಮೇಲೆ ಜಾಕ್ ಎತ್ತಿ. ಕಾರಿನ ಜತೆ ಬರುವ ಜಾಕ್ ಗಾಲಿ ಬದಲಿಸೋಕೆ ಮಾತ್ರ ಸಾಕು, ಅದರ ಭರವಸೆಯಲ್ಲಿ ಕಾರಿನ ಕೆಳಗೆ ಕೈಕಾಲು ಹಾಕಬೇಡಿ.

ಇನ್ನು ಮುಖ್ಯ ಕೆಲಸ. ಬಣ್ಣ ಹಾರಿಸೋದು ಕೊನೆಯ ಒಂದು ಗಂಟೆ. ಅದಕ್ಕೆ ಮೊದಲು ಒಂದು ದಿನ ಪೂರ್ತಿ ತೊಳೆಯೋದು, ಉಜ್ಜೋದು. ನನಗೆ ಬರುವ ದೂರುಗಳಲ್ಲಿ ಹೆಚ್ಚಿನವು ಆ ದಿನವನ್ನು ಅರ್ಧ ಗಂಟೆಗೆ ಇಳಿಸಿದವರದ್ದು. ಶನಿವಾರ ಬೆಳಿಗ್ಗೆ ರಿಮ್‌ನ ಹಿಂದೆ, ಮುಂದೆ ಪಾತ್ರೆ ತೊಳೆಯುವ ಸೋಪಿನ ನೀರಲ್ಲಿ ಬ್ರಷ್ ಹಾಕಿ ತಿಕ್ಕಿ. ಆ ಕಂದು ಧೂಳು ಬರೀ ರಸ್ತೆಯ ಮಣ್ಣಲ್ಲ, ಬ್ರೇಕ್ ಸವೆದು ಉದುರಿದ ಕಬ್ಬಿಣದ ಪುಡಿಯೂ ಅದರಲ್ಲಿದೆ, ಬಿಸಿಗೆ ಅಂಟಿ ಕೂತಿರುತ್ತೆ. ಟಾರಿನ ಕಲೆಗೆ ಸೀಮೆಎಣ್ಣೆ, ಆಮೇಲೆ ಮತ್ತೆ ಸೋಪು. ಟೈರ್ ಹೊಳೆಯಲಿ ಅಂತ ಪಾಲಿಶ್ ಹಚ್ಚುವ ಅಭ್ಯಾಸ ಇದ್ದರೆ ಎರಡು ಸಲ ಹೆಚ್ಚಿಗೆ ತೊಳೆಯಿರಿ. ಅಂಥ ಪಾಲಿಶ್‌ಗಳಲ್ಲಿ ಸಿಲಿಕೋನ್ ಇರುತ್ತೆ, ಅದರ ಒಂದು ಹನಿ ರಿಮ್ ಮೇಲೆ ಉಳಿದರೂ ಬಣ್ಣ ಅಲ್ಲಿ ನಿಲ್ಲದೆ ಮೀನಿನ ಕಣ್ಣಿನ ಹಾಗೆ ಗುಂಡು ಗುಂಡಾಗಿ ಬಿಟ್ಟುಕೊಳ್ಳುತ್ತೆ.

ಒಣಗಿದ ಮೇಲೆ ತಂತಿ ಬ್ರಷ್, ಆಮೇಲೆ 80 ನಂಬರ್ ಪಾಲಿಶ್ ಪೇಪರ್, ಅಂದರೆ ಉಪ್ಪುಕಾಗದ (ನಂಬರ್ ಹೆಚ್ಚಿದಷ್ಟೂ ನಯ). ತುಕ್ಕಿದ್ದ ಕಡೆ ಬಿಳಿ ಲೋಹ ಕಾಣುವ ತನಕ ಉಜ್ಜಿ. ಹಳೆಯ ಬಣ್ಣ ಗಟ್ಟಿಯಾಗಿರುವ ಕಡೆ ಕಿತ್ತು ಹಾಕುವ ಅಗತ್ಯ ಇಲ್ಲ, ಅದರ ಹೊಳಪು ಹೋದರೆ ಸಾಕು. ಹಳೆ ಬಣ್ಣ ಮತ್ತು ಬರಿ ಲೋಹ ಕೂಡುವ ಅಂಚನ್ನು 220ರಲ್ಲಿ ತೀಡಿ, ಕಣ್ಣು ಮುಚ್ಚಿ ಬೆರಳು ಸವರಿ ನೋಡಿ. ಬೆರಳಿಗೆ ಮೆಟ್ಟಿಲು ಸಿಕ್ಕರೆ ನಾಳೆ ಬಣ್ಣದ ಮೇಲೆ ಅದು ಎರಡರಷ್ಟು ಎದ್ದು ಕಾಣುತ್ತೆ. ಕೊನೆಗೆ ಇಡೀ ರಿಮ್‌ಗೆ 400ರ ವಾಟರ್ ಪೇಪರ್, ನೀರು ಹಾಕುತ್ತಾ. ಸಣ್ಣ ಗುಳಿಗಳೊಳಗೆ ಉಳಿದ ತುಕ್ಕಿಗೆ ಫಾಸ್ಫಾರಿಕ್ ಆಮ್ಲ ಇರುವ ತುಕ್ಕಿನ ದ್ರಾವಣ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತೆ. ಹಚ್ಚಿ, ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಬಿಟ್ಟು, ಒರೆಸಿ. ಭಾನುವಾರ ಬಣ್ಣಕ್ಕೆ ಮೊದಲು ಸ್ವಚ್ಛ ಬಟ್ಟೆಗೆ ಸ್ವಲ್ಪ ಥಿನ್ನರ್ ಹಾಕಿ ಒಮ್ಮೆ ಒರೆಸಿದರೆ ಮುಗಿಯಿತು. ಆಮೇಲೆ ಬರಿಗೈಯಲ್ಲಿ ಮುಟ್ಟಬೇಡಿ, ಬೆರಳಿನ ಜಿಡ್ಡು ಸಾಕು ಕೆಲಸ ಕೆಡಿಸೋಕೆ.

ಟೈರ್ ಬಿಚ್ಚಿಸಬೇಕಾಗಿಲ್ಲ. ಮನೆಯಲ್ಲಿರುವ ಹಳೆಯ ಲಗ್ನಪತ್ರಿಕೆಗಳನ್ನು ಇಸ್ಪೀಟೆಲೆ ಅಳತೆಗೆ ಕತ್ತರಿಸಿ. ರಿಮ್‌ನ ಅಂಚು ಮತ್ತು ಟೈರಿನ ನಡುವೆ ಒಂದರ ಮೇಲೊಂದು ಸ್ವಲ್ಪ ಕೂಡುವ ಹಾಗೆ ಸುತ್ತಲೂ ಸಿಕ್ಕಿಸಿ. ಟೇಪಿಗಿಂತ ಚೆನ್ನಾಗಿ ಕೂರುತ್ತೆ. ಗಾಳಿ ತುಂಬುವ ವಾಲ್ವ್‌ಗೆ ಟೇಪು. ಬ್ಯಾಲೆನ್ಸಿಂಗ್‌ಗೆ ಹಾಕಿದ ಸೀಸದ ತುಂಡುಗಳನ್ನು ಕೀಳಬೇಡಿ. ನಟ್ ಕೂರುವ ಗುಳಿಗಳಿಗೂ, ರಿಮ್‌ನ ಹಿಂಬದಿಯಲ್ಲಿ ಹಬ್‌ಗೆ (ಕಾರಿನಲ್ಲಿ ಗಾಲಿ ಕೂರುವ ಭಾಗಕ್ಕೆ) ತಾಗುವ ಚಪ್ಪಟೆ ಜಾಗಕ್ಕೂ ಬಣ್ಣ ಬೀಳಕೂಡದು, ಕಾಗದದ ಉಂಡೆ ತುರುಕಿ ಮುಚ್ಚಿ. ಯಾಕೆ ಅನ್ನೋದನ್ನು ಕೆಳಗೆ ನೆರೂಲ್‌ನ ಓದುಗರಿಗೆ ಕೊಟ್ಟ ಉತ್ತರದಲ್ಲಿ ಬರೆದಿದ್ದೇನೆ, ದಯವಿಟ್ಟು ಅದನ್ನು ಓದದೆ ಗಾಲಿ ಬಿಚ್ಚಬೇಡಿ.

ಗಾಲಿಯನ್ನು ಸ್ಟೂಲ್ ಮೇಲೆ ಮಲಗಿಸಿ, ನಿಲ್ಲಿಸಿದರೆ ಬಣ್ಣ ಇಳಿಯುತ್ತೆ. ಡಬ್ಬಿಯೊಳಗಿನ ಗುಂಡು ಸದ್ದು ಮಾಡಲು ಶುರುವಾದ ಮೇಲೂ ಎರಡು ನಿಮಿಷ ಕುಲುಕಿ. ಒಂದು ಗೇಣು ದೂರದಿಂದ, ಅಂದರೆ 20ರಿಂದ 25 ಸೆಂ.ಮೀ., ಕೈ ಓಡುತ್ತಿರುವಾಗಲೇ ಒತ್ತಿ, ಓಡುತ್ತಿರುವಾಗಲೇ ಬಿಡಿ. ಪ್ರೈಮರ್ ಎರಡು ತೆಳು ಪದರ, ಬಣ್ಣ ಮೂರು, ಮೇಲೆ ಕ್ಲಿಯರ್, ಅಂದರೆ ಬಣ್ಣವಿಲ್ಲದ ಪಾರದರ್ಶಕ ಪದರ, ಎರಡು. ನಡುವೆ ಹತ್ತು ಹದಿನೈದು ನಿಮಿಷ. ಮೊದಲ ಪದರದಲ್ಲಿ ಕೆಳಗಿನದು ಕಂಡರೂ ಕಾಣಲಿ ಬಿಡಿ, ಒಂದೇ ಸಲ ಮುಚ್ಚಬೇಕು ಅಂತ ಹಟ ಹಿಡಿದಾಗಲೇ ಬಣ್ಣ ಹರಿಯೋದು. ಹರಿದರೆ ಒರೆಸಬೇಡಿ, ಮರುದಿನ 600ರ ಪೇಪರ್‌ನಲ್ಲಿ ತೀಡಿ ಮತ್ತೆ ಹಾಕಿ. ಐದು ರಿಮ್‌ಗೆ 400 ಮಿ.ಲೀ.ಯ ಪ್ರೈಮರ್ ಎರಡು ಡಬ್ಬಿ, ಬಣ್ಣ ಮೂರು, ಕ್ಲಿಯರ್ ಎರಡು ಹಿಡಿಯಬಹುದು. ಕ್ಲಿಯರ್ ಎಷ್ಟು ಹೊತ್ತಿನೊಳಗೆ ಹಾಕಬೇಕು ಅಂತ ಡಬ್ಬಿಯ ಮೇಲೆ ಬರೆದಿರುತ್ತೆ, ಅದನ್ನು ಮೀರಬೇಡಿ.

ಟೆರೇಸಿನ ಮೇಲೆ ಮಾಡೋದು ಒಳ್ಳೆಯದು, ಸೆಕ್ರೆಟರಿಗೆ ಒಂದು ಮಾತು ಹೇಳಿ. ಪಾರ್ಕಿಂಗ್‌ನಲ್ಲಿ ಹಾರಿಸಿದರೆ ಗಾಳಿಗೆ ಬಣ್ಣದ ಧೂಳು ದೂರ ಹೋಗಿ ಪಕ್ಕದವರ ಕಾರಿನ ಮೇಲೆ ಕೂರುತ್ತೆ, ಮುಟ್ಟಿದರೆ ಉಪ್ಪುಕಾಗದದ ಹಾಗೆ ಆಗಿರುತ್ತೆ. ಬಾಲ್ಕನಿ ಬೇಡವೇ ಬೇಡ. ಡಬ್ಬಿಯಲ್ಲಿ ಉರಿಯುವ ಅನಿಲ, ಥಿನ್ನರ್ ತುಂಬಿರುತ್ತೆ, ಪಕ್ಕದಲ್ಲೇ ಅಡುಗೆಮನೆ ಇರುತ್ತೆ ಅಲ್ವಾ. ಮೂಗಿಗೆ ಬಟ್ಟೆ ಕಟ್ಟಿದರೆ ಸಾಲದು, ಬಣ್ಣದ ಆವಿ ತಡೆಯುವ ಕಾರ್ಟ್ರಿಡ್ಜ್ ಮಾಸ್ಕ್ ಕೊಳ್ಳಿ. ಎರಡು ದ್ರವ ಬೆರೆಸುವ 2ಕೆ ಕ್ಲಿಯರ್ ಅನ್ನು ಮನೆಯಲ್ಲಿ ಮುಟ್ಟಬೇಡಿ. ಅದರ ಹಾರ್ಡನರ್‌ನಲ್ಲಿರುವ ಐಸೋಸೈನೇಟ್ ಶ್ವಾಸಕೋಶಕ್ಕೆ ಅಪಾಯ. ಸಾಧಾರಣ ಕ್ಲಿಯರ್ ಸಾಕು.

ಕಾರಿಗೆ ಹಾಕುವ ಮೊದಲು 24 ಗಂಟೆ ಒಣಗಲಿ. ಒಂದು ವಾರ ಪ್ರೆಶರ್ ವಾಶಿಂಗ್ ಬೇಡ.

ಪ್ರಶ್ನೆ: ಸರ್, ನಾನು ಗೋಕಾಕ ಕಡೆಯವನು, ಈಗ ಭೋಸರಿಯಲ್ಲಿ ಕೆಲಸ. ಊರಲ್ಲಿ ಗೇಟಿಗೆ ಹಚ್ಚಿ ಉಳಿದಿದ್ದ ಕರಿ ಎನಾಮೆಲ್ ತಂದು ರಿಮ್‌ಗೆ ಬ್ರಷ್‌ನಿಂದ ಹಚ್ಚಿದೆ. ಬ್ರಷ್ ಗೆರೆ ಕಾಣುತ್ತಿತ್ತು ಅಂತ ಮೂರು ದಿನ ಬಿಟ್ಟು ಮೇಲೆ ಸ್ಪ್ರೇ ಹೊಡೆದೆ. ನೋಡನೋಡುತ್ತಲೇ ಹಾಲಿನ ಕೆನೆ ಸುಕ್ಕಾದ ಹಾಗೆ ಇಡೀ ಬಣ್ಣ ಸುಕ್ಕಾಯಿತು. ಸ್ಪ್ರೇ ಡಬ್ಬಿಯೇ ಕೆಟ್ಟದ್ದಾ?
— ಭೋಸರಿಯ ಓದುಗರು

ಉತ್ತರ: ಡಬ್ಬಿಯ ತಪ್ಪಿಲ್ಲ. ಎರಡು ಜಾತಿಯ ಬಣ್ಣಗಳು ಒಂದರ ಮೇಲೊಂದು ಬಿದ್ದಿವೆ. ಗೇಟಿನ ಎನಾಮೆಲ್ ಎಣ್ಣೆಯ ಬಣ್ಣ. ಅದು ಗಾಳಿಯ ಆಮ್ಲಜನಕ ಹೀರಿಕೊಂಡು ನಿಧಾನಕ್ಕೆ ಗಟ್ಟಿಯಾಗುತ್ತೆ. ಮೂರು ದಿನದಲ್ಲಿ ಮೇಲಿನ ಚರ್ಮ ಒಣಗಿರುತ್ತೆ, ಒಳಗೆ ಇನ್ನೂ ಮೆತ್ತಗೆ. ನಿಮ್ಮ ಸ್ಪ್ರೇ ಲ್ಯಾಕರ್, ಅಂದರೆ ಥಿನ್ನರ್ ಆವಿಯಾದ ಕೂಡಲೇ ಒಣಗುವ ಬಣ್ಣ. ಅದರ ಥಿನ್ನರ್ ತುಂಬಾ ತೀಕ್ಷ್ಣ, ಆ ಚರ್ಮದೊಳಗೆ ಇಳಿದು ಅದನ್ನು ಉಬ್ಬಿಸಿ ಮೇಲೆತ್ತಿಬಿಡುತ್ತೆ. ನೀವು ಕಂಡ ಸುಕ್ಕು ಅದೇ.

ಇದರ ಮೇಲೆ ಇನ್ನೇನು ಹಚ್ಚಿದರೂ ಸುಕ್ಕು ಹೋಗೋದಿಲ್ಲ. ಪೂರ್ತಿ ತೆಗೆಯಲೇಬೇಕು. ಕೈಗವಸು ಹಾಕಿಕೊಂಡು ಪೇಂಟ್ ರಿಮೂವರ್ ಹಚ್ಚಿ, ಉಬ್ಬಿದ ಮೇಲೆ ಕೆರೆದು ತೆಗೆದು, ತೊಳೆದು, ಮೇಲೆ ಡೊಂಬಿವಲಿಯವರಿಗೆ ಹೇಳಿದ ದಾರಿಯಲ್ಲೇ ಮೊದಲಿನಿಂದ ಬನ್ನಿ. ಟೈರಿಗೆ ಆ ರಿಮೂವರ್ ತಾಗದಂತೆ ನೋಡಿಕೊಳ್ಳಿ. ಬೇಸರ ಆಗುತ್ತೆ, ಗೊತ್ತು. ಎರಡು ಸಲದ ಕೆಲಸ ನೀರುಪಾಲಾಗಿದೆ.

ಮುಂದಕ್ಕೆ ಒಂದು ಪರೀಕ್ಷೆ ಇಟ್ಟುಕೊಳ್ಳಿ. ಹಳೆಯ ಬಣ್ಣ ಯಾವ ಜಾತಿಯದ್ದು ಗೊತ್ತಿಲ್ಲದಾಗ ರಿಮ್‌ನ ಹಿಂಬದಿಯಲ್ಲಿ ಥಿನ್ನರ್ ಅದ್ದಿದ ಬಟ್ಟೆಯನ್ನು ಒಂದು ನಿಮಿಷ ಒತ್ತಿ ಹಿಡಿಯಿರಿ. ಬಣ್ಣ ಕರಗಿ ಬಟ್ಟೆಗೆ ಹತ್ತಿದರೆ ಲ್ಯಾಕರ್, ಸುಕ್ಕಾಗಿ ಎದ್ದರೆ ಎನಾಮೆಲ್, ಏನೂ ಆಗದಿದ್ದರೆ ಕಾರ್ಖಾನೆಯಲ್ಲಿ ಬೇಯಿಸಿದ ಬಣ್ಣ. ಮೊದಲನೆಯ ಮತ್ತು ಮೂರನೆಯದರ ಮೇಲೆ ಪ್ರೈಮರ್ ಹಾಕಿ ಧೈರ್ಯವಾಗಿ ಸ್ಪ್ರೇ ಮಾಡಬಹುದು.

ಪ್ರಶ್ನೆ: ನಮ್ಮದು ಅಲಾಯ್ ವೀಲ್, ಮುಖದ ಮೇಲೆ ಕನ್ನಡಿಯ ಹಾಗೆ ಹೊಳಪಿತ್ತು. ಈಗ ಕ್ಲಿಯರ್ ಕೆಳಗೆ ಬಿಳಿ ಹುಳು ಹರಿದಂಥ ಗೆರೆಗಳು ಬಂದಿವೆ. ಒರೆಸಿದರೆ ಹೋಗೋದಿಲ್ಲ. ಬಾತ್‌ರೂಮ್ ತೊಳೆಯುವ ಆಸಿಡ್ ಹಚ್ಚಿದರೆ ಹೋಗುತ್ತೆ ಅಂತ ಒಬ್ಬರು ಹೇಳಿದರು. ನಿಜವಾ?
— ವಾಸ್ಕೊದ ಓದುಗರು

ಉತ್ತರ: ಆಸಿಡ್ ಖಂಡಿತ ಬೇಡ. ಅಲಾಯ್ ಅಂದರೆ ಬಹುಪಾಲು ಅಲ್ಯೂಮಿನಿಯಂ. ಬಾತ್‌ರೂಮಿನ ಆಸಿಡ್ ಅದನ್ನೇ ತಿನ್ನುತ್ತೆ, ಕಾಸ್ಟಿಕ್ ಸೋಡಾ ಕೂಡ ತಿನ್ನುತ್ತೆ.

ನಿಮ್ಮ ಕಡೆ ಇದು ಸಮುದ್ರದ ಕೆಲಸ. ಸಣ್ಣ ಕಲ್ಲು ಸಿಡಿದು ಅಥವಾ ಫುಟ್‌ಪಾತಿನ ಅಂಚಿಗೆ ಉಜ್ಜಿ ಕ್ಲಿಯರ್‌ನಲ್ಲಿ ಕೂದಲೆಳೆಯಷ್ಟು ಬಿರುಕು ಬಂದಿರುತ್ತೆ. ಗಾಳಿಯ ಉಪ್ಪು ಅಲ್ಲಿಂದ ಒಳಗೆ ಇಳಿಯುತ್ತೆ. ಉಪ್ಪು ತೇವವನ್ನು ಹಿಡಿದಿಟ್ಟುಕೊಳ್ಳುವುದು ನಮಗೆಲ್ಲ ಗೊತ್ತು, ಮಳೆಗಾಲದಲ್ಲಿ ಉಪ್ಪಿನ ಭರಣಿ ನೋಡಿದರೆ ಸಾಕು. ಆ ತೇವದಲ್ಲಿ ಅಲ್ಯೂಮಿನಿಯಂ ಕ್ಲಿಯರ್ ಕೆಳಗೇ ಕೊರೆದುಕೊಂಡು ಹೋಗುತ್ತೆ. ಮೇಲಿನಿಂದ ಒರೆಸಿದರೆ ಹೇಗೆ ಹೋದೀತು?

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಆ ಕನ್ನಡಿ ಹೊಳಪು ಮನೆಯಲ್ಲಿ ವಾಪಸ್ ಬರೋದಿಲ್ಲ. ಅದು ಲೇತ್ ಮೇಲೆ ವಜ್ರದ ಮೊನೆಯಿಂದ ಲೋಹದ ಮುಖವನ್ನೇ ಕೆತ್ತಿ ತಂದ ಹೊಳಪು. ಮತ್ತೆ ಕೆತ್ತಿಸಬಹುದು, ಆದರೆ ಪ್ರತಿ ಸಲ ಸ್ವಲ್ಪ ಲೋಹ ಹೋಗುತ್ತೆ, ಹಾಗಾಗಿ ಎಷ್ಟು ಸಲ ಬೇಕಾದರೂ ಮಾಡಿಸೋಕೆ ಆಗೋದಿಲ್ಲ. ಸಮುದ್ರದ ಪಕ್ಕ ಇರುವವರಿಗೆ ನನ್ನ ಸಲಹೆ, ಇಡೀ ರಿಮ್‌ಗೆ ಒಂದೇ ಬಣ್ಣ ಕೊಡಿ. ಸಿಲ್ವರ್ ಇರಲಿ, ಕಡು ಬೂದು ಇರಲಿ, ಪ್ರೈಮರ್ ಇರುವ ಬಣ್ಣದ ರಿಮ್ ಬರಿ ಲೋಹದ ಮುಖಕ್ಕಿಂತ ಜಾಸ್ತಿ ವರ್ಷ ತಡೆಯುತ್ತೆ.

ಬಿಳಿ ಪುಡಿ ಇರುವಷ್ಟು ದೂರ ಮತ್ತು ಅದರ ಆಚೆ ಒಂದು ಬೆರಳು ಅಗಲ ಕ್ಲಿಯರ್ ತೆಗೆದು ಉಜ್ಜಿ. ಗೆರೆಯ ತುದಿ ಉಳಿದರೆ ಅಲ್ಲಿಂದಲೇ ಮತ್ತೆ ಹೊರಡುತ್ತೆ. ಕಬ್ಬಿಣಕ್ಕೆ ಹಾಕುವ ಕೆಂಪು ಪ್ರೈಮರ್ ಇದಕ್ಕೆ ಆಗೋದಿಲ್ಲ, ಅಲ್ಯೂಮಿನಿಯಂ ಹಿಡಿಯುವ ಎಚ್ (etch) ಪ್ರೈಮರ್ ಕೇಳಿ ತಗೊಳ್ಳಿ, ಉಜ್ಜಿದ ದಿನವೇ ಹಾಕಿ. ಬರಿ ಅಲ್ಯೂಮಿನಿಯಂ ಗಾಳಿ ತಾಗಿದ ಕೂಡಲೇ ಮೇಲೆ ಪೊರೆ ಕಟ್ಟಲು ಶುರು ಮಾಡುತ್ತೆ.

ಉಜ್ಜುವಾಗ ರಿಮ್‌ನ ಒಳಬದಿಯನ್ನೂ ನೋಡಿ. ಬಿರುಕು ಕಂಡರೆ, ಅಂಚು ಬಾಗಿದ್ದರೆ, ಬಣ್ಣದ ಮಾತು ಅಲ್ಲಿಗೆ ನಿಲ್ಲಿಸಿ. ಬಿರುಕಿಗೆ ಪುಟ್ಟಿ ತುಂಬಿ ಬಣ್ಣ ಬಳಿದ ಗಾಲಿ ಹೊರಗಿನಿಂದ ಚೆಂದ ಕಾಣುತ್ತೆ, ಹಾಗಾಗಿಯೇ ಅದು ಅಪಾಯ. ಬಣ್ಣ ಆದ ಮೇಲೆ ವಾರಕ್ಕೊಮ್ಮೆ, ಬೀಚಿನ ಕಡೆ ಹೋಗಿ ಬಂದ ದಿನವಂತೂ ತಪ್ಪದೆ, ಸುಮ್ನೆ ಒಂದು ಬಕೆಟ್ ಸಿಹಿನೀರು ಹಾಕಿ ರಿಮ್ ತೊಳೆಯಿರಿ.

ಪ್ರಶ್ನೆ: ಬ್ರೇಕ್ ಬಿಸಿಯಾಗುತ್ತೆ ಅಂತ ಅಂಗಡಿಯವರು 600 ಡಿಗ್ರಿ ತಡೆಯುವ ಸೈಲೆನ್ಸರ್ ಬಣ್ಣ ಕೊಟ್ಟರು. ಒಂದು ತಿಂಗಳಾದರೂ ಉಗುರಿಂದ ಗೀರಿದರೆ ಕಿತ್ತು ಬರುತ್ತದೆ. ಯಾಕೆ?
— ಮುಲುಂಡ್‌ನ ಓದುಗರು

ಉತ್ತರ: ಆ ಬಣ್ಣ ಬಿಸಿ ಕಂಡರೇ ಗಟ್ಟಿಯಾಗೋದು. ಸೈಲೆನ್ಸರ್ ಮೇಲೆ ಹಚ್ಚಿದರೆ ಎಂಜಿನ್ ಶುರುವಾದ ಮೇಲೆ ತಾನಾಗಿ ಬೇಯುತ್ತೆ. ಊರೊಳಗೆ ಓಡುವ ಕಾರಿನ ರಿಮ್ ಅಷ್ಟು ಬಿಸಿ ಆಗೋದೇ ಇಲ್ಲ, ಹಾಗಾಗಿ ಬಣ್ಣ ಹಸಿಯಾಗಿಯೇ ಉಳಿದಿದೆ. ರಿಮ್‌ಗೆ ವೀಲ್ ಪೇಂಟ್ ಅಂತಲೇ ಸಿಗುವುದು, ಇಲ್ಲವೇ ಒಳ್ಳೆಯ ಆಟೊ ಲ್ಯಾಕರ್ ಸಾಕು. ಉಳಿದ ಡಬ್ಬಿಯನ್ನು ಬ್ರೇಕ್ ಡ್ರಮ್‌ನ ಹೊರಮೈಗೆ, ರಿಮ್ ತಾಗುವ ಜಾಗ ಬಿಟ್ಟು, ಬಳಸಬಹುದು. ಡಿಸ್ಕ್ ಮುಟ್ಟಬೇಡಿ, ಪ್ಯಾಡ್ ಉಜ್ಜುವ ಜಾಗಕ್ಕೆ ಬಣ್ಣ ಬಿದ್ದರೆ ಬ್ರೇಕ್ ಹಿಡಿಯುವುದಿಲ್ಲ.

ಪ್ರಶ್ನೆ: ಆಗಸ್ಟ್‌ನಲ್ಲಿ ಮಳೆ ನಿಂತ ಒಂದು ಸಂಜೆ ಕರಿ ಬಣ್ಣ ಹಾಕಿದೆ. ಒಣಗುತ್ತಾ ಹಾಲು ಚೆಲ್ಲಿದ ಹಾಗೆ ಬೆಳ್ಳಗಾಯಿತು.
— ಅಂಧೇರಿಯ ಓದುಗರು

ಉತ್ತರ: ಮಳೆ ನಿಂತರೂ ತೇವ ಗಾಳಿಯಲ್ಲೇ ಇತ್ತು. ಥಿನ್ನರ್ ಆವಿಯಾಗುವಾಗ ರಿಮ್‌ನ ಮೈ ತಣ್ಣಗಾಗುತ್ತೆ, ತಣ್ಣನೆಯ ಮೈ ಮೇಲೆ ಗಾಳಿಯ ತೇವ ಇಬ್ಬನಿಯಾಗಿ ಕೂರುತ್ತೆ, ಹಸಿ ಬಣ್ಣದೊಳಗೆ ಸಿಕ್ಕಿಕೊಳ್ಳುತ್ತೆ. ಈಗ ಒಣ ಹವೆ ಇದೆ, 600ರಲ್ಲಿ ತೀಡಿ ಒಂದು ತೆಳು ಪದರ ಹಾಕಿದರೆ ಸರಿಯಾಗುತ್ತೆ. ಮುಂಬೈಯಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಈ ಕೆಲಸ ಬೇಡ. ಉಳಿದ ತಿಂಗಳಲ್ಲೂ ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರರೊಳಗೆ, ನೆರಳಲ್ಲಿ. ಸುಡು ಬಿಸಿಲಲ್ಲಿ ಕಾದ ರಿಮ್ ಮೇಲೆ ಬಣ್ಣ ತಾಗುವ ಮೊದಲೇ ಒಣಗಿ ಒರಟಾಗುತ್ತೆ.

ಪ್ರಶ್ನೆ: ನಮಸ್ಕಾರ. ನಾನೇ ಕಾರು ಓಡಿಸೋದು, ದಿನಾ ನೆರೂಲ್‌ನಿಂದ ಆಫೀಸಿಗೆ. ಹೋದ ತಿಂಗಳು ಒಬ್ಬ ಪೇಂಟರ್ ಹತ್ತಿರ ನಾಲ್ಕೂ ರಿಮ್‌ಗೆ ದಪ್ಪಗೆ ಬಣ್ಣ ಮಾಡಿಸಿದೆ. ಆಮೇಲೆ ಎಡಗಡೆ ಮುಂದಿನ ಗಾಲಿಯಿಂದ ಟಕ್ ಟಕ್ ಸದ್ದು. ಪಂಕ್ಚರ್ ಅಂಗಡಿಯವರು ನಟ್ ಸಡಿಲ ಆಗಿದೆ ಅಂತ ಬಿಗಿ ಮಾಡಿ ಕೊಟ್ಟರು. ವಾರದಲ್ಲಿ ಮತ್ತೆ ಅದೇ ಸದ್ದು. ಬಣ್ಣಕ್ಕೂ ಇದಕ್ಕೂ ಏನಾದರೂ ಸಂಬಂಧ ಇದೆಯಾ?
— ನೆರೂಲ್‌ನ ಓದುಗರು

ಉತ್ತರ: ಅಕ್ಕಾ, ನೇರ ಸಂಬಂಧ ಇದೆ. ಇದನ್ನು ಓದಿದ ದಿನವೇ ಹತ್ತಿರದ ಗ್ಯಾರೇಜಿನಿಂದ ಮೆಕ್ಯಾನಿಕ್‌ನನ್ನು ಮನೆಗೇ ಕರೆಸಿ. ಅಲ್ಲಿಯ ತನಕ ಈ ಕಾರು ರಸ್ತೆಗೆ ಇಳಿಸಬೇಡಿ.

ನಟ್‌ನ ಓರೆ ಮುಖ ರಿಮ್‌ನ ಗುಳಿಯೊಳಗೆ ಲೋಹಕ್ಕೆ ಲೋಹ ತಾಗಿ ಕೂರಬೇಕು. ಬಿಗಿ ಮಾಡಿದಾಗ ಬೋಲ್ಟ್ ಒಂದಿಷ್ಟು ಎಳೆದುಕೊಂಡಿರುತ್ತೆ, ಗಾಲಿಯನ್ನು ಹಿಡಿದಿಡೋದು ಆ ಎಳೆತವೇ. ನಡುವೆ ದಪ್ಪ ಬಣ್ಣ ಇದ್ದರೆ ನಟ್ ಬಣ್ಣದ ಮೇಲೆ ಕೂತಿರುತ್ತೆ. ಕಾರು ಓಡುವಾಗ ಬಿಸಿಗೆ, ಅದುರಿಗೆ ಆ ಬಣ್ಣ ಹಿಂಡಿ ತೆಳ್ಳಗಾಗುತ್ತೆ, ಎಳೆತ ಹೋಗುತ್ತೆ, ನಟ್ ಸಡಿಲವಾಗುತ್ತೆ. ರಿಮ್‌ನ ಹಿಂಬದಿ ಹಬ್‌ಗೆ ತಾಗುವ ಜಾಗದಲ್ಲಿ ಬಣ್ಣ ಇದ್ದರೂ ಇದೇ ಕಥೆ. ನೀವು ಎಷ್ಟು ಸಲ ಬಿಗಿ ಮಾಡಿಸಿದರೂ ಬಣ್ಣ ಇರುವ ತನಕ ಮತ್ತೆ ಸಡಿಲವಾಗುತ್ತೆ.

ನನಗೆ ಇದು ಅನುಭವದಿಂದ ಗೊತ್ತು. ವರ್ಷಗಳ ಹಿಂದೆ ಹೀಗೇ ಬಣ್ಣ ಮಾಡಿಸಿಕೊಂಡ ಗಾಲಿಯಲ್ಲಿ ಮನೆಯವರನ್ನೆಲ್ಲ ಕೂರಿಸಿಕೊಂಡು ಖಂಡಾಲಾ ಘಾಟ್ ಇಳಿಯುತ್ತಿದ್ದೆ. ಸ್ಟಿಯರಿಂಗ್ ಕೈಯಲ್ಲಿ ನಡುಗಿತು. ಪಕ್ಕಕ್ಕೆ ನಿಲ್ಲಿಸಿ ನೋಡಿದರೆ ನಾಲ್ಕು ನಟ್‌ಗಳಲ್ಲಿ ಎರಡನ್ನು ಬೆರಳಲ್ಲೇ ತಿರುಗಿಸಬಹುದಿತ್ತು. ಹಿಂದಿನ ಸೀಟಿನಲ್ಲಿ ನನ್ನ ತಾಯಿ ನಿದ್ದೆ ಮಾಡುತ್ತಿದ್ದರು. ಆ ಹೊತ್ತನ್ನು ಇವತ್ತಿಗೂ ಮರೆತಿಲ್ಲ, ಅದಕ್ಕೇ ಈ ಒಂದು ವಿಷಯದಲ್ಲಿ ಯಾರಿಗೂ ಸಡಿಲಿಕೆ ಕೊಡೋದಿಲ್ಲ.

ನಾಲ್ಕೂ ಗಾಲಿ ಬಿಚ್ಚಿಸಿ, ಗುಳಿಗಳಲ್ಲಿ ಮತ್ತು ಹಿಂಬದಿಯಲ್ಲಿ ಬಣ್ಣ ಪೂರ್ತಿ ತೆಗೆಸಿ, ಹಬ್ ಮೇಲಿನ ತುಕ್ಕನ್ನೂ ತಂತಿ ಬ್ರಷ್‌ನಿಂದ ಉಜ್ಜಿಸಿ. ಸಡಿಲ ನಟ್ ಮೇಲೆ ಓಡಿದ್ದರಿಂದ ಗುಳಿ ಅಗಲವಾಗಿದೆಯಾ, ಬೋಲ್ಟ್‌ನ ಮರೆ (ತಿರುಪಿನ ಗೆರೆ) ಸವೆದಿದೆಯಾ ಅಂತ ನೋಡಲು ಹೇಳಿ. ಸವೆದಿದ್ದರೆ ಬದಲಿಸಿ, ಆ ಖರ್ಚು ಉಳಿಸಬೇಡಿ. ನಟ್ ಬಿಗಿಯನ್ನು ಟಾರ್ಕ್ ಪಾನಾದಲ್ಲಿ ಅಳೆದು ಹಾಕಿಸಿ. ಬಹಳಷ್ಟು ಸಣ್ಣ ಕಾರುಗಳಲ್ಲಿ ಅದು 85ರಿಂದ 110 ನ್ಯೂಟನ್ ಮೀಟರ್ ಆಸುಪಾಸು, ನಿಮ್ಮ ಕಾರಿನ ಲೆಕ್ಕ ಅದರ ಪುಸ್ತಕದಲ್ಲಿದೆ. ಸುತ್ತಿನ ಪ್ರಕಾರ ಅಲ್ಲ, ಒಂದು ನಟ್ ಆದ ಮೇಲೆ ಅದರ ಎದುರಿನದ್ದು. 50ರಿಂದ 100 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಪಾನಾ ಹಾಕಿ ನೋಡಿ. ಈ ಕೊನೆಯ ಮಾತು ಮನೆಯಲ್ಲಿ ಗಾಲಿ ಬಿಚ್ಚುವ ಪ್ರತಿಯೊಬ್ಬರಿಗೂ.

ಪ್ರಶ್ನೆ: ಪೌಡರ್ ಕೋಟಿಂಗ್ ಮಾಡಿಸೋದು ಒಳ್ಳೆಯದಾ, ಸ್ಪ್ರೇ ಒಳ್ಳೆಯದಾ?
— ಚಿಂಚವಡದ ಓದುಗರು

ಉತ್ತರ: ಬಾಳಿಕೆ ನೋಡಿದರೆ ಪೌಡರ್ ಕೋಟಿಂಗ್. ಒಣ ಪುಡಿಯನ್ನು ವಿದ್ಯುತ್ತಿನಿಂದ ಅಂಟಿಸಿ ಸುಮಾರು 180ರಿಂದ 200 ಡಿಗ್ರಿಯ ಒಲೆಯಲ್ಲಿ ಬೇಯಿಸುತ್ತಾರೆ, ಗೀರು ಸುಲಭಕ್ಕೆ ಬೀಳೋದಿಲ್ಲ. ಟೈರ್, ವಾಲ್ವ್ ಎಲ್ಲ ಬಿಚ್ಚಿ ಆಮೇಲೆ ಮತ್ತೆ ಬ್ಯಾಲೆನ್ಸ್ ಮಾಡಿಸಬೇಕು. ನೀವಿರುವ ಊರು ಕಾರ್ಖಾನೆಗಳ ಊರು, ಮಾಡುವವರು ಸಿಗುತ್ತಾರೆ. ನಟ್ ಗುಳಿ ಮುಚ್ಚಿ ಮಾಡಿ ಅಂತ ಕೊಡುವಾಗಲೇ ಹೇಳಿ. ಹೊಸ ಟೈರ್ ಹಾಕಿಸುವ ಸಮಯ ಬಂದಿದ್ದರೆ ಎರಡೂ ಒಟ್ಟಿಗೆ ಮಾಡಿಸಿ. ಇಲ್ಲದಿದ್ದರೆ ಮನೆಯ ಸ್ಪ್ರೇ ಕೂಡ ಚೆನ್ನಾಗಿಯೇ ಬಾಳುತ್ತೆ, ಗೀರು ಬಿದ್ದಲ್ಲಿ ಆಗಾಗ ತಿದ್ದುತ್ತಿದ್ದರೆ.

ಪ್ರಶ್ನೆ: ಮಾಮಾ, ನಾನು ಏಳನೇ ಕ್ಲಾಸು. ಅಪ್ಪ ಮುಂದಿನ ಭಾನುವಾರ ಗಾಲಿಗೆ ಬಣ್ಣ ಹಚ್ಚುತ್ತಾರೆ. ನಾನು ಸಹಾಯ ಮಾಡ್ತೀನಿ ಅಂದರೆ ಬೇಡ ಅನ್ನುತ್ತಾರೆ. ನೀವು ಹೇಳಿ.
— ಮಾಟುಂಗದ ಪುಟ್ಟ ಓದುಗಳು

ಉತ್ತರ: ಪುಟ್ಟೀ, ಸ್ಪ್ರೇ ಹೊಡೆಯುವಾಗ ಅಪ್ಪ ಹೇಳಿದ್ದು ಸರಿ, ಆ ವಾಸನೆ ನಿನಗೆ ಒಳ್ಳೆಯದಲ್ಲ, ಆಗ ದೂರ ಇರು. ಒಣ ಪಾಲಿಶ್ ಪೇಪರ್ ಉಜ್ಜುವಾಗ ಏಳುವ ಧೂಳೂ ಬೇಡ. ಆದರೆ ಸೋಪು ನೀರಲ್ಲಿ ರಿಮ್ ತೊಳೆಯೋದು ನಿನ್ನ ಕೆಲಸ. ದೊಡ್ಡವರ ಬೆರಳು ಹೋಗದ ಸಂದಿಗೆ ನಿನ್ನ ಕೈ ಹೋಗುತ್ತೆ, ಹಳೆ ಹಲ್ಲುಜ್ಜುವ ಬ್ರಷ್ ತಗೊ. ಲಗ್ನಪತ್ರಿಕೆ ಕತ್ತರಿಸಿ ಟೈರಿನ ಸುತ್ತ ಸಿಕ್ಕಿಸೋದೂ ನಿನ್ನದೇ. ಒಂದು ಗಾಲಿಗೆ ಮೂವತ್ತು ನಲವತ್ತು ತುಂಡು ಬೇಕಾಗಬಹುದು, ಶನಿವಾರ ರಾತ್ರಿಯೇ ಕತ್ತರಿಸಿಟ್ಟುಕೊ. ಕತ್ತರಿಸುವ ಮೊದಲು ಅಮ್ಮನನ್ನು ಕೇಳು, ಕೆಲವು ಪತ್ರಿಕೆ ಅವರು ಜೋಪಾನ ಮಾಡಿಟ್ಟಿರುತ್ತಾರೆ. ಈ ಉತ್ತರ ಅಪ್ಪನಿಗೆ ತೋರಿಸು. 50ರಿಂದ 100 ಕಿ.ಮೀ. ಓಡಿದ ಮೇಲೆ ನಟ್ ನೋಡಬೇಕು ಅಂತ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ ಅವರಿಗೆ ನೆನಪಿಸುವುದನ್ನೂ ನಿನಗೇ ಬಿಡುತ್ತೇನೆ.